ಚಂದ್ರಯಾನದ ಡೇಟಾ ಯಾರ ಕೈಗೆ, ಯಾವಾಗ?

2023ರ ಆಗಸ್ಟ್ 26ರಂದು ಪ್ರಧಾನಿ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್‌ಗೆ ಬಂದು, ವಿಕ್ರಮ್ ಇಳಿದ ಜಾಗಕ್ಕೆ 'ಶಿವಶಕ್ತಿ' ಅಂತ ಹೆಸರಿಟ್ಟರು. ಆಗಸ್ಟ್ 23 ಇನ್ನು ಮುಂದೆ ರಾಷ್ಟ್ರೀಯ ಬಾಹ್ಯಾಕಾಶ ದಿನ ಅಂತಲೂ ಘೋಷಿಸಿದರು. ಆಮೇಲಿನ ದಿನಗಳು ನಿಮಗೆ ನೆನಪಿರಬಹುದು. ಆ ಹೆಸರು ಸರಿಯೋ ತಪ್ಪೋ ಅಂತ ಟೀವಿಯಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಜಗಳವೋ ಜಗಳ. ನಾನೂ ಅದರಲ್ಲಿ ಸೇರಿದ್ದೆ. ಅದೇ ಹೊತ್ತಿಗೆ ಚಂದ್ರನ ಮೇಲೆ ಪ್ರಜ್ಞಾನ್ ರೋವರ್ ಮಣ್ಣು ಅಳೆಯುತ್ತಾ ಮಾಹಿತಿ ಕಳಿಸುತ್ತಿತ್ತು. ಆ ಮಾಹಿತಿ ಎಲ್ಲಿಗೆ ಹೋಗುತ್ತೆ, ಅದನ್ನು ಯಾರು ಮೊದಲು ನೋಡ್ತಾರೆ, ನಾನು ನೀವು ಯಾವಾಗ ನೋಡಬಹುದು ಅನ್ನೋ ಪ್ರಶ್ನೆ ನಾನು ನೋಡಿದ ಯಾವ ಚರ್ಚೆಯಲ್ಲೂ ಬರಲಿಲ್ಲ.

ಈ ಲೇಖನ ಆ ಪ್ರಶ್ನೆಯ ಬಗ್ಗೆ. ಬೇರೆ ಲೋಕಗಳಿಗೆ ಹೋಗುವ ನೌಕೆಯೊಂದರ ವೈಜ್ಞಾನಿಕ ಕೆಲಸವನ್ನು ದಿನದಿನಕ್ಕೆ ನಡೆಸುವುದು ಹೇಗೆ, ಅದರಿಂದ ಬಂದ ಡೇಟಾ ಯಾವ ದಾರಿಯಲ್ಲಿ ಹೋಗಿ ಜನರ ಕೈಗೆ ಸಿಗುತ್ತೆ, ಮತ್ತು ಆ ದಾರಿಯಲ್ಲಿ ಎಲ್ಲೆಲ್ಲಿ ಬೀಗ ಹಾಕಿರುತ್ತೆ. ಇದು ತಾಂತ್ರಿಕ ವಿಷಯ ಅಂತ ನಾವು ಬಿಟ್ಟುಬಿಡ್ತೀವಿ. ನನ್ನ ಪ್ರಕಾರ ಇದು ಅಪ್ಪಟ ರಾಜಕೀಯ ವಿಷಯ. ಚಂದ್ರಯಾನ-2ಕ್ಕೆ ನಾವು ಕೊಟ್ಟದ್ದು ಸುಮಾರು 978 ಕೋಟಿ ರೂಪಾಯಿ. ಆ ದುಡ್ಡಿಗೆ ಬಂದ ಫಲ ಅಂದರೆ ಡೇಟಾನೇ.

ಒಂದೇ ನಲ್ಲಿ, ಎಂಟು ಬಿಂದಿಗೆ

ಹಳೆ ಬೆಂಗಳೂರಿನ ವಠಾರ ಗೊತ್ತಲ್ಲ? ಎಂಟು ಮನೆಗೆ ಒಂದೇ ನಲ್ಲಿ, ನೀರು ಬರೋದು ಹೊತ್ತಿಗೊಮ್ಮೆ. ನೌಕೆಯೂ ಅಷ್ಟೇ. ಚಂದ್ರಯಾನ-2ರ ಆರ್ಬಿಟರ್‌ನಲ್ಲಿ ಎಂಟು ಉಪಕರಣಗಳಿವೆ. ಎಲ್ಲವೂ ಹಂಚಿಕೊಳ್ಳಬೇಕಾದದ್ದು ಒಂದೇ ಸೌರಫಲಕದ ವಿದ್ಯುತ್ತು, ಒಂದೇ ಸ್ಮರಣೆ, ಭೂಮಿಗೆ ಮಾತಾಡಲು ಸಿಗುವ ಅಷ್ಟೇ ಸಮಯ.

ಅವುಗಳ ಬೇಡಿಕೆಗಳೋ ಒಂದಕ್ಕೊಂದು ಹೊಂದುವುದಿಲ್ಲ. ಓಎಚ್‌ಆರ್‌ಸಿ ಅನ್ನೋ ಕ್ಯಾಮೆರಾ 100 ಕಿ.ಮೀ. ಎತ್ತರದಿಂದ ನೆಲದ ಕಾಲು ಮೀಟರನ್ನು ಒಂದು ಚುಕ್ಕಿಯಾಗಿ ಕಾಣಿಸುತ್ತೆ, ಆದರೆ ಒಂದು ಸಲಕ್ಕೆ ಅದಕ್ಕೆ ಸಿಗೋದು ಬರೀ 3 ಕಿ.ಮೀ. ಅಗಲದ ಪಟ್ಟಿ. ಎಲ್ಲಿ ತೆಗೆಯಬೇಕು ಅನ್ನೋದನ್ನು ಮೊದಲೇ ತೀರ್ಮಾನಿಸಬೇಕು. ರೇಡಾರ್‌ಗೆ ಬೆಳಕು ಬೇಡ, ಕತ್ತಲ ಕುಳಿಗಳೊಳಗೂ ಇಣುಕುತ್ತೆ, ಆದರೆ ವಿದ್ಯುತ್ತನ್ನೂ ಸ್ಮರಣೆಯನ್ನೂ ಗಟಗಟನೆ ಕುಡಿಯುತ್ತೆ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವರು ಮಾಡಿದ 'ಕ್ಲಾಸ್' ಉಪಕರಣದ್ದು ಇನ್ನೊಂದು ಕಥೆ. ಸೂರ್ಯನ ಎಕ್ಸ್-ಕಿರಣ ಬಿದ್ದಾಗ ಚಂದ್ರನ ಮಣ್ಣಿನ ಧಾತುಗಳು ತಮ್ಮದೇ ಎಕ್ಸ್-ಕಿರಣ ಹೊಮ್ಮಿಸುತ್ತವೆ. ಕ್ಲಾಸ್ ಅದನ್ನು ಹಿಡಿಯುತ್ತೆ. ಅಂದರೆ ಸೂರ್ಯ ಸಿಡಿದಷ್ಟೂ ಅದಕ್ಕೆ ಹಬ್ಬ. ಆರ್ಬಿಟರ್ ಚಂದ್ರನನ್ನು ಸೇರಿದ್ದು 2019ರ ಆಗಸ್ಟ್‌ನಲ್ಲಿ, ಸೂರ್ಯ ತನ್ನ ಹನ್ನೊಂದು ವರ್ಷದ ಚಕ್ರದಲ್ಲಿ ತೀರಾ ಮಂಕಾಗಿದ್ದ ಕಾಲದಲ್ಲಿ. ಅದೇ ಮಂಕು, ಸೂರ್ಯನನ್ನು ನೋಡುವ 'ಎಕ್ಸ್‌ಎಸ್‌ಎಮ್' ಉಪಕರಣಕ್ಕೆ ವರವಾಯ್ತು. ಶಾಂತ ಸೂರ್ಯನ ಮೇಲಿನ ಪುಟ್ಟಪುಟ್ಟ ಸಿಡಿತಗಳನ್ನು ಅದು ದಾಖಲಿಸಿತು.

ಇನ್ನು ಕಕ್ಷೆ. ಆರ್ಬಿಟರ್ ಧ್ರುವದಿಂದ ಧ್ರುವಕ್ಕೆ ಸುತ್ತುತ್ತೆ, ಸುತ್ತಿಗೆ ಸುಮಾರು ಎರಡು ಗಂಟೆ. ವರ್ಷ ಕಳೆದಂತೆ ಆ ಕಕ್ಷೆಯ ಮೇಲೆ ಬೀಳುವ ಬಿಸಿಲಿನ ಕೋನ ಬದಲಾಗುತ್ತೆ. ಕೆಲವು ತಿಂಗಳು ಕೆಳಗೆ ನಡುಹಗಲು, ಕೆಲವು ತಿಂಗಳು ಬರೀ ಮುಂಜಾವು-ಮುಸ್ಸಂಜೆ. ಕ್ಯಾಮೆರಾದವರಿಗೆ ಬೇಕಾದ ಕಾಲ ಬೇರೆ, ಉಷ್ಣತೆ ಕಾಯುವವರಿಗೆ ಬೇಕಾದ ಕಾಲ ಬೇರೆ.

ಹಾಗಾಗಿ ಪ್ರತಿ ತಂಡವೂ ಬೇಡಿಕೆ ಸಲ್ಲಿಸುತ್ತೆ. ಅವನ್ನೆಲ್ಲ ಒಟ್ಟಿಗಿಟ್ಟು ವಿದ್ಯುತ್ತು ಸಾಕಾ, ಸ್ಮರಣೆ ತುಂಬುತ್ತಾ, ನೌಕೆ ತಿರುಗಿದರೆ ಯಾವ ಭಾಗ ಕಾಯುತ್ತೆ ಅಂತ ನೋಡಿ ವೇಳಾಪಟ್ಟಿ ಕಟ್ಟಬೇಕು. ಆಮೇಲೆ ಅದನ್ನು ಆಜ್ಞೆಗಳಾಗಿ ಬರೆದು, ಪರೀಕ್ಷಿಸಿ, ಮೇಲಕ್ಕೆ ಕಳಿಸಬೇಕು. ಇಂಥ ಎಚ್ಚರದ ವೇಳಾಪಟ್ಟಿಯನ್ನೂ ಯಾವುದೋ ನೆರೆಯವರು ಕೆಡಿಸಬಹುದು. 2021ರ ಅಕ್ಟೋಬರ್ 20ರಂದು ನಾಸಾದ ಎಲ್‌ಆರ್‌ಓ ನೌಕೆಯೂ ನಮ್ಮ ಆರ್ಬಿಟರೂ ಚಂದ್ರನ ಉತ್ತರ ಧ್ರುವದ ಬಳಿ ಅಪಾಯಕಾರಿಯಾಗಿ ಹತ್ತಿರ ಬರುತ್ತವೆ ಅಂತ ಲೆಕ್ಕ ಸಿಕ್ಕಿತು. ಎರಡು ದಿನ ಮುಂಚೆ ಇಸ್ರೋ ನಮ್ಮ ನೌಕೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿತು. ಚಂದ್ರನ ಸುತ್ತಲೂ ಟ್ರಾಫಿಕ್ ಶುರುವಾಗಿದೆ ನೋಡಿ.

ಹಂಚಿಕೆಯ ಜಗಳ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಶನಿಗ್ರಹಕ್ಕೆ ಹೋದ ಕ್ಯಾಸಿನಿಗಿಂತ ಒಳ್ಳೆ ಉದಾಹರಣೆ ಇಲ್ಲ. ಅದರ ಹನ್ನೆರಡು ಉಪಕರಣಗಳಲ್ಲಿ ಕ್ಯಾಮೆರಾದಂಥವನ್ನು ತಿರುಗುವ ವೇದಿಕೆಯೊಂದರ ಮೇಲೆ ಕೂರಿಸುವ ಯೋಜನೆ ಇತ್ತು. 1990ರ ದಶಕದ ಆರಂಭದಲ್ಲಿ ಖರ್ಚು ಕಡಿಮೆ ಮಾಡಲು ಆ ವೇದಿಕೆಯನ್ನು ಕಿತ್ತುಹಾಕಿ, ಉಪಕರಣಗಳನ್ನು ನೌಕೆಯ ಮೈಗೇ ಬಿಗಿದರು. ಪರಿಣಾಮ ಏನಾಯ್ತು? ಕ್ಯಾಮೆರಾ ಒಂದು ಕಡೆ ನೋಡಬೇಕು ಅಂದರೆ ಇಡೀ ನೌಕೆಯೇ ತಿರುಗಬೇಕು. ಭೂಮಿಗೆ ಡೇಟಾ ಕಳಿಸಬೇಕಾದರೆ ನೋಡೋದನ್ನು ನಿಲ್ಲಿಸಬೇಕು. 2004ರಿಂದ 2017ರವರೆಗೆ ಹದಿಮೂರು ವರ್ಷ, ಉಂಗುರದವರು, ಟೈಟಾನಿನವರು, ಕಾಂತಕ್ಷೇತ್ರದವರು ಗುಂಪುಗಳಾಗಿ ಕೂತು ಗಂಟೆ ಗಂಟೆಗೂ ಚೌಕಾಸಿ ಮಾಡಬೇಕಾಯ್ತು. ಕಾರ್ಖಾನೆಯಲ್ಲಿ ಉಳಿಸಿದ ದುಡ್ಡಿನ ಬಿಲ್ಲು ಸಭೆಗಳ ರೂಪದಲ್ಲಿ ಬಂತು. ಅಷ್ಟಾದರೂ ಕ್ಯಾಸಿನಿ ಕಳಿಸಿದ ವೈಜ್ಞಾನಿಕ ಡೇಟಾ 635 ಜಿಬಿ. ಇವತ್ತು ಒಂದು ಸಾಧಾರಣ ಹಾರ್ಡ್ ಡಿಸ್ಕಿನಲ್ಲಿ ಹಿಡಿಯುವಷ್ಟು. ನೌಕೆ ಮುಗಿಯುವ ಹೊತ್ತಿಗೆ ಅದರಿಂದ ಹುಟ್ಟಿದ್ದ ಸಂಶೋಧನಾ ಪ್ರಬಂಧಗಳು 3,900ಕ್ಕೂ ಹೆಚ್ಚು.

ಬ್ಯಾಲಾಳಿನ ದಾರಿ

ನಮ್ಮ ದೂರದ ನೌಕೆಗಳ ಮಾತು ಬಂದು ಬೀಳುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ. ಚಂದ್ರಯಾನ-1ಕ್ಕಾಗಿ 2008ರಲ್ಲಿ ಅಲ್ಲಿ 18 ಮೀಟರ್ ಮತ್ತು 32 ಮೀಟರ್ ಅಗಲದ ಎರಡು ಬಟ್ಟಲು ಆಂಟೆನಾಗಳು ನಿಂತವು. ನೌಕೆ ಚಂದ್ರನ ಹಿಂಬದಿಗೆ ಹೋದಾಗ ಸಂಪರ್ಕ ಇರೋದಿಲ್ಲ. ಚಂದ್ರನೇ ಮುಳುಗಿದ ಮೇಲೆ ಬ್ಯಾಲಾಳಿಗೂ ಕಾಣೋದಿಲ್ಲ. ಆದ್ದರಿಂದ ನೌಕೆ ದಾಖಲಿಸಿಟ್ಟುಕೊಂಡು, ಕಣ್ಣಿಗೆ ಬಿದ್ದಾಗ ಇಳಿಸುತ್ತೆ. ಚಂದ್ರ ಹತ್ತಿರದವ, ಪರವಾಗಿಲ್ಲ. ಪ್ಲೂಟೊ ಬಳಿ 2015ರ ಜುಲೈ 14ರಂದು ಹಾದುಹೋದ ನ್ಯೂ ಹೊರೈಜನ್ಸ್ ಕೂಡಿಟ್ಟದ್ದು ಸುಮಾರು 6 ಜಿಬಿ. ಅದೆಲ್ಲ ಭೂಮಿಗೆ ಇಳಿಯಲು 2016ರ ಅಕ್ಟೋಬರ್ ಬರಬೇಕಾಯ್ತು.

ಬ್ಯಾಲಾಳಿನಲ್ಲೇ ಇದೆ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ, ಐಎಸ್‌ಎಸ್‌ಡಿಸಿ. ಆಂಟೆನಾದಿಂದ ಬಂದದ್ದು ಚಿತ್ರವಲ್ಲ, ಬರೀ ಸೊನ್ನೆ-ಒಂದುಗಳ ಹೊಳೆ. ಅದರಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದು, ತಪ್ಪಿಹೋದದ್ದನ್ನು ಗುರುತಿಸಿ, ಉಪಕರಣವಾರು ಬೇರ್ಪಡಿಸಬೇಕು. ಆ ಕ್ಷಣದಲ್ಲಿ ನೌಕೆ ಎಲ್ಲಿತ್ತು, ಎತ್ತ ಮುಖ ಮಾಡಿತ್ತು ಅನ್ನೋ ವಿವರ ಜೋಡಿಸಬೇಕು. ಇದಿಲ್ಲದಿದ್ದರೆ ಚಂದ್ರನ ಅದ್ಭುತ ಫೋಟೋ ಇದ್ದರೂ ಅದು ಯಾವ ಕುಳಿ ಅಂತ ಹೇಳೋಕಾಗಲ್ಲ. ಅಲ್ಲಿಂದ ಡೇಟಾ ಆಯಾ ಉಪಕರಣ ಕಟ್ಟಿದವರಿಗೆ ಹೋಗುತ್ತೆ: ಅಹಮದಾಬಾದಿಗೆ, ತಿರುವನಂತಪುರಕ್ಕೆ, ಬೆಂಗಳೂರಿನೊಳಗೇ ಇರುವವರಿಗೆ. ಅವರು ಕ್ಯಾಲಿಬ್ರೇಷನ್ ಮಾಡ್ತಾರೆ. ಅಂದರೆ ಉಪಕರಣ ಹೇಳಿದ ಅಂಕಿಯಿಂದ ಉಪಕರಣದ ಸ್ವಂತ ದೋಷವನ್ನು ಕಳೆದು, ನಿಜವಾದ ಅಳತೆಯಾಗಿ ಬದಲಿಸ್ತಾರೆ. ಬಳಿಕ ಅದು ವಾಪಸ್ ಬ್ಯಾಲಾಳಿಗೆ, ಭಂಡಾರಕ್ಕೆ.

ಈ ಕ್ಯಾಲಿಬ್ರೇಷನ್ ಅನ್ನೋದು ಬೇಸರದ ಪದ, ಒಪ್ತೀನಿ. ಆದರೆ ಚಂದ್ರನಲ್ಲಿ ನೀರಿದೆ ಅನ್ನೋ ಸುದ್ದಿ ಹುಟ್ಟಿದ್ದೇ ಅಲ್ಲಿ.

ನೀರು ಸಿಕ್ಕಿದ್ದು ಹೇಗೆ

ಚಂದ್ರಯಾನ-1 ಹಾರಿದ್ದು 2008ರ ಅಕ್ಟೋಬರ್ 22ಕ್ಕೆ. ಹನ್ನೊಂದು ಉಪಕರಣ, ಅದರಲ್ಲಿ ಆರು ಹೊರದೇಶದವು. ನಾಸಾದ 'ಎಂ-ಕ್ಯೂಬ್' ಅವುಗಳಲ್ಲೊಂದು. ನೆಲದಿಂದ ಪ್ರತಿಫಲಿಸಿದ ಬೆಳಕನ್ನು ನುಣ್ಣಗೆ ಸೀಳಿ ಖನಿಜ ಗುರುತಿಸುವ ಯಂತ್ರ. ಯೋಜನೆ ಎರಡು ವರ್ಷದ್ದು. ಹೋದ ಸ್ವಲ್ಪ ದಿನಕ್ಕೇ ನೌಕೆ ಬಿಸಿಯಾಗತೊಡಗಿತು. ಎಲ್ಲ ಉಪಕರಣ ಒಟ್ಟಿಗೆ ಓಡಿಸುವ ಹಾಗಿಲ್ಲ ಅಂತಾಯ್ತು. ಆಮೇಲೆ ದಿಕ್ಕು ತೋರುವ ನಕ್ಷತ್ರ ಸಂವೇದಕಗಳು ಕೈಕೊಟ್ಟವು. 2009ರ ಮೇ ತಿಂಗಳಲ್ಲಿ ಕಕ್ಷೆಯನ್ನು 100ರಿಂದ 200 ಕಿ.ಮೀ.ಗೆ ಏರಿಸಲಾಯ್ತು. ಆಗಸ್ಟ್ 29ಕ್ಕೆ ಸಂಪರ್ಕವೇ ಹೋಯ್ತು. ಒಟ್ಟು 312 ದಿನ.

ಇಲ್ಲೇ ವೇಳಾಪಟ್ಟಿ ಕಟ್ಟುವವರ ತಲೆ ಕೆಲಸ ಮಾಡಿದ್ದು. ಎಂ-ಕ್ಯೂಬ್‌ಗೆ ಎರಡು ವಿಧಾನಗಳಿದ್ದವು: ಆಯ್ದ ಜಾಗಗಳನ್ನು ಸೂಕ್ಷ್ಮವಾಗಿ ನೋಡುವುದು, ಇಲ್ಲವೇ ಒರಟಾಗಿ ಇಡೀ ಚಂದ್ರನನ್ನು ನೋಡುವುದು. ಮೊದಲು ಒರಟು ನಕ್ಷೆ, ಆಮೇಲೆ ಸೂಕ್ಷ್ಮ ಅನ್ನೋದು ಕ್ರಮ. ಸೂಕ್ಷ್ಮದ ಸರದಿ ಹೆಚ್ಚುಕಡಿಮೆ ಬರಲೇ ಇಲ್ಲ. ಆದರೆ ಒರಟು ನಕ್ಷೆ ಚಂದ್ರನ ಬಹುಪಾಲನ್ನು ಮುಗಿಸಿತ್ತು. ತಿರುವುಮುರುವಾಗಿದ್ದರೆ ಇವತ್ತು ನಮ್ಮ ಕೈಯಲ್ಲಿ ಕೆಲವು ಸುಂದರ ತುಣುಕುಗಳಷ್ಟೇ ಇರ್ತಿದ್ದವು.

ಆ ನಕ್ಷೆಯಲ್ಲಿ ನೀರಿನ, ಹೈಡ್ರಾಕ್ಸಿಲ್‌ನ ಗುರುತು ಕಂಡಿತು. ಕಾರ್ಲೆ ಪೀಟರ್ಸ್ ನೇತೃತ್ವದ ತಂಡಕ್ಕೆ ಮೊದಲು ಬಂದದ್ದು ಅನುಮಾನ: ಒಣಕಲು ಚಂದ್ರನಲ್ಲಿ ನೀರಾ, ಕ್ಯಾಲಿಬ್ರೇಷನ್ ತಪ್ಪಿರಬೇಕು ಅಂತ. ಆಗ ಅವರಿಗೆ ನೆರವಾದದ್ದು ಹಳೆ ಕಡತ. ಶನಿಯ ದಾರಿಯಲ್ಲಿದ್ದ ಕ್ಯಾಸಿನಿ 1999ರಲ್ಲಿ ಚಂದ್ರನ ಪಕ್ಕ ಹಾದುಹೋಗಿತ್ತು, ಒಂದಿಷ್ಟು ಅಳತೆ ಮಾಡಿತ್ತು. ಹತ್ತು ವರ್ಷದ ಆ ಡೇಟಾ ತೆರೆದು ನೋಡಿದರೆ ಅದರಲ್ಲೂ ಅದೇ ಗುರುತು. ಡೀಪ್ ಇಂಪ್ಯಾಕ್ಟ್ ನೌಕೆ 2009ರಲ್ಲಿ ನೋಡಿದಾಗಲೂ ಅದೇ. ಮೂರೂ ಪ್ರಬಂಧಗಳು ಒಟ್ಟಿಗೆ 2009ರ ಸೆಪ್ಟೆಂಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದವು. ನಮ್ಮ ನೌಕೆ ಸತ್ತು ಆಗ ಒಂದು ತಿಂಗಳೂ ಆಗಿರಲಿಲ್ಲ.

ಕಥೆ ಮುಗಿಯಲಿಲ್ಲ. 2018ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಶುವಾಯ್ ಲಿ ಮತ್ತು ಸಂಗಡಿಗರು ಅದೇ ಎಂ-ಕ್ಯೂಬ್ ಡೇಟಾವನ್ನು ಮತ್ತೆ ಜಾಲಾಡಿ, ಧ್ರುವಗಳ ನೆರಳಿನಲ್ಲಿ ಮೇಲ್ಮೈಯಲ್ಲೇ ಮಂಜುಗಡ್ಡೆ ಇದೆ ಅಂತ ತೋರಿಸಿದರು. ನೌಕೆ ಮೌನವಾದ ಒಂಬತ್ತು ವರ್ಷದ ಮೇಲೆ! ಎಂ-ಕ್ಯೂಬ್ ಡೇಟಾ ನಾಸಾದ ಗ್ರಹ ದತ್ತಾಂಶ ಭಂಡಾರದಲ್ಲಿ, ಪಿಡಿಎಸ್‌ನಲ್ಲಿ, ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇತ್ತು ಅನ್ನೋದೇ ಇದಕ್ಕೆ ಕಾರಣ.

ಬೀಗ ಎಷ್ಟು ದಿನ?

ಉಪಕರಣ ಕಟ್ಟಿದ ತಂಡಕ್ಕೆ ಡೇಟಾ ಮೇಲೆ ಸ್ವಲ್ಪ ಕಾಲ ಮೊದಲ ಹಕ್ಕು ಕೊಡುವುದು ಎಲ್ಲ ಕಡೆ ಇರುವ ರೂಢಿ. ನಾಸಾದ ಗ್ರಹ ಯಾತ್ರೆಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳು. ಯುರೋಪಿನ ರೊಸೆಟ್ಟಾ 2014ರಲ್ಲಿ ಧೂಮಕೇತು ತಲುಪಿದಾಗಲೂ ಆರು ತಿಂಗಳೇ, ಆದರೂ ದೊಡ್ಡ ಗಲಾಟೆಯಾಯ್ತು. ಮುಖ್ಯ ಕ್ಯಾಮೆರಾ ತಂಡ ಚಿತ್ರಗಳನ್ನು ಬಿಗಿಹಿಡಿದು ಕೂತಿತ್ತು. ಜನ ಕೇಳಿದರು: ತೆರಿಗೆ ನಮ್ಮದು, ಚಿತ್ರ ಎಲ್ಲಿ? ಕೊನೆಗೆ ಯುರೋಪಿಯನ್ ಸಂಸ್ಥೆ, ದಾರಿ ನೋಡಲಷ್ಟೇ ಇದ್ದ ಇನ್ನೊಂದು ಕ್ಯಾಮೆರಾದ ಚಿತ್ರಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟಿತು.

ನಮ್ಮಲ್ಲಿ? ಮಂಗಳಯಾನ 2014ರ ಸೆಪ್ಟೆಂಬರ್ 24ಕ್ಕೆ ಮಂಗಳ ತಲುಪಿತು. ಮೊದಲ ವರ್ಷದ ಡೇಟಾ ಹೊರಬಂದದ್ದು 2016ರ ಸೆಪ್ಟೆಂಬರ್ 24ಕ್ಕೆ. ಚಂದ್ರಯಾನ-2 ಆರ್ಬಿಟರ್‌ನ ಮೊದಲ ಕಂತು 2020ರ ಡಿಸೆಂಬರ್ 24ಕ್ಕೆ, ಅಂದರೆ ಚಂದ್ರನ ಕಕ್ಷೆ ಸೇರಿದ ಹದಿನಾರು ತಿಂಗಳಿಗೆ. ಚಂದ್ರಯಾನ-3ರ ಐದು ಉಪಕರಣಗಳ ಸುಮಾರು 55 ಜಿಬಿ ಡೇಟಾ 2024ರ ಆಗಸ್ಟ್ 23ಕ್ಕೆ, ಮೊದಲ ರಾಷ್ಟ್ರೀಯ ಬಾಹ್ಯಾಕಾಶ ದಿನದಂದು.

ಈ ದಿನಾಂಕಗಳನ್ನು ಸುಮ್ಮನೆ ಸಾಲಾಗಿ ಇಟ್ಟು ನೋಡಿ. ಹಾದಿ ತೆರೆಯುತ್ತಿದೆ, ಅದು ನಿಜ, ಖುಷಿಯ ವಿಷಯ. ಆದರೆ ಅಂತರ ಒಂದೇ ಸಮ ಇಲ್ಲ. ಮೂರರಲ್ಲಿ ಎರಡು ಬಿಡುಗಡೆಗಳು ವಾರ್ಷಿಕೋತ್ಸವದ ದಿನ ಆಗಿವೆ. ಹಬ್ಬದ ದಿನ ಉಡುಗೊರೆ ಕೊಟ್ಟ ಹಾಗೆ. ಡೇಟಾ ಉಡುಗೊರೆ ಅಲ್ಲ. ಉಡಾವಣೆಗೆ ಮುಂಚೆಯೇ 'ಇಂಥ ಉಪಕರಣದ ಡೇಟಾ ಇಷ್ಟು ತಿಂಗಳಿಗೆ ಹೊರಬರುತ್ತೆ' ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದಿಟ್ಟು, ಆ ಪ್ರಕಾರ ಸದ್ದಿಲ್ಲದೆ ಬಿಡುವುದು ನನಗೆ ಸರಿ ಅನ್ಸುತ್ತೆ. ಐಎಸ್‌ಎಸ್‌ಡಿಸಿಯ ಡೇಟಾ ತಾಣದ ಹೆಸರು 'ಪ್ರದಾನ್'. ಅದರ ಪೂರ್ಣ ಹೆಸರಿನ ಮೊದಲ ಪದವೇ 'ನೀತಿ ಆಧಾರಿತ' ಅಂತ. ಹಾಗಿದ್ದಮೇಲೆ ನೀತಿಯ ಬಗ್ಗೆ ಕೇಳೋದು ನಮ್ಮ ಕೆಲಸ ತಾನೆ?

2019ರ ವಿಕ್ರಮ್ ಹುಡುಕಾಟ ನೆನೆಸಿಕೊಳ್ಳಿ. ಸೆಪ್ಟೆಂಬರ್ 7ರ ನಸುಕಿನಲ್ಲಿ ಸಂಪರ್ಕ ಕಡಿಯಿತು. ಅದೇ ತಿಂಗಳ 26ಕ್ಕೆ ನಾಸಾ, ಎಲ್‌ಆರ್‌ಓ ತೆಗೆದ ಆ ಜಾಗದ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಚೆನ್ನೈನ ಇಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ತಮ್ಮ ಕಂಪ್ಯೂಟರಿನ ಮುಂದೆ ಕೂತು, ಹಳೆ ಚಿತ್ರ ಹೊಸ ಚಿತ್ರ ಪಕ್ಕಪಕ್ಕ ಇಟ್ಟು, ಚುಕ್ಕಿ ಚುಕ್ಕಿ ಹೋಲಿಸಿ ಒಂದು ಅವಶೇಷ ಗುರುತಿಸಿದರು. ಡಿಸೆಂಬರ್‌ನಲ್ಲಿ ನಾಸಾ ಅವರ ಹೆಸರು ಹೇಳಿ ದೃಢಪಡಿಸಿತು. ನಮ್ಮ ಆರ್ಬಿಟರ್ ಮೊದಲೇ ಪತ್ತೆ ಮಾಡಿತ್ತು ಅಂತ ಆಗಿನ ಇಸ್ರೋ ಅಧ್ಯಕ್ಷ ಕೆ. ಶಿವನ್ ಹೇಳಿದರು. ಅದನ್ನು ನಾನು ಅನುಮಾನಿಸೋದಿಲ್ಲ. ಆದರೆ ಭಾರತದ ನೌಕೆಯನ್ನು ಭಾರತದ ಪ್ರಜೆಯೊಬ್ಬ ಹುಡುಕಲು ಅಮೆರಿಕದ ಭಂಡಾರದ ಬಾಗಿಲು ತಟ್ಟಬೇಕಾಯ್ತು. ಆ ಹೊತ್ತಿಗೆ ತೆರೆದಿದ್ದ ಬಾಗಿಲು ಅದೊಂದೇ.

ಹಾಗಂತ ಮೊದಲ ದಿನವೇ ಎಲ್ಲ ಸುರಿದುಬಿಡಿ ಅಂತ ನಾನು ಹೇಳಲ್ಲ. ಒಂದು ಉಪಕರಣಕ್ಕೆ ಜನ ಎಂಟು-ಹತ್ತು ವರ್ಷ ಸವೆಸಿರ್ತಾರೆ, ಪಿಎಚ್‌ಡಿ ವಿದ್ಯಾರ್ಥಿಗಳ ಭವಿಷ್ಯ ಅದರ ಮೇಲೆ ನಿಂತಿರುತ್ತೆ. ಹಸಿ ಡೇಟಾ ಬಿಟ್ಟರೆ ಕ್ಯಾಲಿಬ್ರೇಷನ್ ತಪ್ಪನ್ನೇ ಹೊಸ ಶೋಧ ಅಂತ ಸಾರುವವರೂ ಬರ್ತಾರೆ. ಇನ್ನೊಂದು ಗಟ್ಟಿ ವಾದ ಇದೆ, ಎಡಪಂಥೀಯ ಗೆಳೆಯರು ಇದನ್ನು ಕೇಳಿಸಿಕೊಳ್ಳಬೇಕು: ಮುಕ್ತ ಡೇಟಾ ಎಲ್ಲರಿಗೂ ಸಮಾನವಾಗಿ ಮುಕ್ತ ಅಲ್ಲ. ದೊಡ್ಡ ಕಂಪ್ಯೂಟರ್, ಇಪ್ಪತ್ತು ಮಂದಿ ಸಂಶೋಧಕರು ಇರುವ ಶ್ರೀಮಂತ ವಿಶ್ವವಿದ್ಯಾಲಯ ಮೊದಲು ಬಾಚಿಕೊಳ್ಳುತ್ತೆ. ಕಲಬುರಗಿಯ, ಶಿವಮೊಗ್ಗದ ಎಂಎಸ್ಸಿ ಹುಡುಗಿ ಅದರ ಕೈಪಿಡಿ ಓದುವಷ್ಟರಲ್ಲಿ ಪ್ರಬಂಧ ಅಚ್ಚಾಗಿರುತ್ತೆ. ಇದು ನಿಜವಾದ ಸಮಸ್ಯೆ. ಆದರೆ ಇದಕ್ಕೆ ಮದ್ದು ಬೀಗವಲ್ಲ. ಬೀಗ ಹಾಕಿದರೆ ಉಪಕರಣ ತಂಡಕ್ಕೆ ಅನುಕೂಲ, ಆ ಹುಡುಗಿಗೆ ಏನೂ ಇಲ್ಲ. ಅವಳಿಗೆ ಬೇಕಾದದ್ದು ತರಬೇತಿ, ಕಾಲೇಜಿನಲ್ಲಿ ನೆಟ್ಟಗಿನ ಕಂಪ್ಯೂಟರ್, ಸಣ್ಣ ಅನುದಾನ, ಅವಳಿಗೆ ತಿಳಿಯುವ ಭಾಷೆಯಲ್ಲಿ ಒಂದು ಕೈಪಿಡಿ. ಚಂದ್ರಯಾನ-3ರಲ್ಲಿ ಪಾಲಿಸಿದ ಒಂದು ವರ್ಷದ ಅಂತರ ನನಗೆ ನ್ಯಾಯವಾಗೇ ಕಾಣುತ್ತೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ತಂಡ, ಪ್ರಜ್ಞಾನ್ ಅಳೆದ ಮಣ್ಣಿನ ಬಗ್ಗೆ 'ನೇಚರ್'ನಲ್ಲಿ ಪ್ರಬಂಧ ಪ್ರಕಟಿಸಿದ ವಾರವೇ ಡೇಟಾವೂ ಹೊರಬಂತು. ಇಬ್ಬರಿಗೂ ಸಲ್ಲಬೇಕಾದದ್ದು ಸಂದಿತು.

ಗ್ಯಾರೇಜಿನಲ್ಲಿ ಉಳಿದ ಚಂದ್ರ

ಬಿಡುಗಡೆ ಆದ ಮೇಲೂ ಒಂದು ಕೆಲಸ ಉಳಿಯುತ್ತೆ, ಅದಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ: ಕಾಪಾಡುವುದು. 1966-67ರಲ್ಲಿ ನಾಸಾದ ಐದು ಲೂನಾರ್ ಆರ್ಬಿಟರ್‌ಗಳು ಅಪೊಲೊಗೆ ಇಳಿಯುವ ಜಾಗ ಹುಡುಕಲು ಚಂದ್ರನ ಚಿತ್ರ ತೆಗೆದವು. ಮೂಲ ಚಿತ್ರಗಳು ಟೇಪುಗಳಲ್ಲಿದ್ದವು. ಆ ಟೇಪು ಓದುವ ಯಂತ್ರಗಳೇ ಕಾಲಕ್ರಮೇಣ ಇಲ್ಲವಾದವು. ನ್ಯಾನ್ಸಿ ಇವಾನ್ಸ್ ಅನ್ನೋ ದಾಖಲೆ ಪಾಲಕಿ ಹಟ ಹಿಡಿದು ಟೇಪುಗಳನ್ನು ಎಸೆಯಲು ಬಿಡಲಿಲ್ಲ. ಫ್ರಿಜ್‌ನಷ್ಟು ದೊಡ್ಡ ಯಂತ್ರಗಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ವರ್ಷಗಟ್ಟಲೆ ಕಾದರು. ಕೊನೆಗೆ ಒಂದು ತಂಡ ಅವನ್ನು ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಆವರಣದ ಮುಚ್ಚಿಹೋದ ಮೆಕ್‌ಡೊನಾಲ್ಡ್ಸ್ ಅಂಗಡಿಗೆ ತಂದು ರಿಪೇರಿ ಮಾಡಿ, 2008ರಿಂದ ಒಂದೊಂದೇ ಚಿತ್ರ ಬಿಡಿಸಿತು. ಚಂದ್ರನ ಅಂಚಿನಿಂದ ಭೂಮಿ ಏಳುವ ಆ ಪ್ರಸಿದ್ಧ ಚಿತ್ರ, ಮೊದಲು ಯಾರೂ ನೋಡಿರದಷ್ಟು ಸ್ಪಷ್ಟವಾಗಿ ಬಂತು.

ಇಂಥ ಪಾಠಗಳಿಂದಲೇ ಪಿಡಿಎಸ್ ಹುಟ್ಟಿದ್ದು. ಅದರ ಈಗಿನ ಮಾದರಿ ಪಿಡಿಎಸ್-4. ಪ್ರತಿ ಡೇಟಾ ಕಡತದ ಜೊತೆ ಅದರ ಜಾತಕದಂಥ ಇನ್ನೊಂದು ಪಠ್ಯ ಕಡತ ಇರಲೇಬೇಕು: ಯಾವ ಉಪಕರಣ, ಯಾವ ಹೊತ್ತು, ಎಷ್ಟು ಸಾಲು, ಅಂಕಿಯ ಅರ್ಥ ಏನು. ತಂತ್ರಾಂಶ ಸತ್ತರೂ ಐವತ್ತು ವರ್ಷದ ಮೇಲೆ ಮನುಷ್ಯರು ಓದಿ ಅರ್ಥ ಮಾಡಿಕೊಳ್ಳಬೇಕು. ಚಂದ್ರಯಾನ-2ರ ಡೇಟಾವನ್ನು ಇಸ್ರೋ ಇದೇ ಮಾದರಿಯಲ್ಲಿ ಕೊಟ್ಟಿದೆ, ಅದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಉಡಾವಣೆಗೆ ದುಡ್ಡು ಕೇಳೋದು ಸುಲಭ, ದಾಖಲೆ ಪಾಲಕರ ಸಂಬಳಕ್ಕೆ ಕೇಳೋದು ಕಷ್ಟ. ಮುಂದಿನ ಬಜೆಟ್ ಚರ್ಚೆಯಲ್ಲಿ ನಿಮ್ಮ ಸಂಸದರನ್ನು ಕೇಳಬಹುದಾದ ಪ್ರಶ್ನೆ ಇದು.

ನೀವೇ ಒಮ್ಮೆ ನೋಡಬೇಕು ಅಂದರೆ: ಪ್ರದಾನ್ ತಾಣದಲ್ಲಿ ನೋಂದಾಯಿಸಿಕೊಂಡು ಚಂದ್ರಯಾನ-2 ಆಯ್ದುಕೊಳ್ಳಿ, ಓಎಚ್‌ಆರ್‌ಸಿಯಿಂದ ಶುರು ಮಾಡಿ. ಮೊದಲು ಚಿಕ್ಕ ಮುನ್ನೋಟದ ಚಿತ್ರ ನೋಡಿ, ಇಷ್ಟವಾದರಷ್ಟೇ ಪೂರ್ತಿ ಇಳಿಸಿಕೊಳ್ಳಿ, ಕಡತ ಭಾರವಾಗಿರುತ್ತೆ. ತೆರೆಯಲು ಉಚಿತವಾಗಿ ಸಿಗುವ ಕ್ಯೂಜಿಐಎಸ್ ಸಾಕು. ಚಿತ್ರದ ಕಡತವನ್ನಲ್ಲ, ಜೊತೆಗಿರುವ ಎಕ್ಸ್‌ಎಂಎಲ್ ಕಡತವನ್ನು ಅದರೊಳಗೆ ಎಳೆದು ಹಾಕಿ.